ವಾರ್ತಿನಮ್ಮನ ಗಾಳಿವೈದ್ಯ
ಯೋಗ್ಯಕರ್ತ ನಗರದ ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅಗ್ಗದ ವಸತಿಗೃಹ ನಡೆಸುವ ನಮ್ಮ ವಾರ್ತಿನಮ್ಮನ ಪ್ರಕಾರ ಮನುಷ್ಯನಿಗೆ ಬರುವ ಕಾಯಿಲೆ ಒಂದೇ: ಮೈಯೊಳಗೆ ಗಾಳಿ ತುಂಬಿಕೊಳ್ಳುವುದು. ತಲೆನೋವೇ? ಗಾಳಿ. ಹೊಟ್ಟೆ ಕೆಟ್ಟಿತೇ? ಗಾಳಿ. ಪ್ರೇಯಸಿ ಕೈಕೊಟ್ಟಳೆಂದು ಅಳುತ್ತಿದ್ದ ಫ್ರೆಂಚ್ ತರುಣನಿಗೂ, “ಅಂಗಿ ಬಿಚ್ಚು ಮಗಾ, ಎಲ್ಲಾ ಗಾಳಿ ಕೆಲಸ,” ಎಂದಳು. ಬೆನ್ನಿಗೆ ಎಣ್ಣೆ ಸವರಿ ಹಳೆಯ ನಾಣ್ಯದಿಂದ ಗೀರತೊಡಗಿದಳೆಂದರೆ, ಮುಗಿಯುವ ಹೊತ್ತಿಗೆ ಅತಿಥಿ ಹುಲಿವೇಷದವನಂತೆ ಪಟ್ಟೆಪಟ್ಟೆಯಾಗಿರುತ್ತಾನೆ. ಅವಳ ಗಂಡ ಗಿಮನ್ ಸೀನು ಬಂದರೆ ಬೀದಿಗೆ ಓಡಿಹೋಗಿ ಸೀನಿ ಬರುತ್ತಾನೆ. ಹಿತ್ತಲ ಕೋಣೆಯಲ್ಲಿ ಬಾಡಿಗೆಗಿರುವ ನಾನು ಕೆಮ್ಮನ್ನು ದಿಂಬಿನೊಳಗೇ ಮುಗಿಸುತ್ತೇನೆ. ಕಳೆದ ಮಳೆಗಾಲದಲ್ಲಿ ನಾರ್ವೆಯ ಎಸ್ಪೆನ್ ಎಂಬ ಅತಿಥಿ ಜ್ವರ ಏರಿ ಪ್ರಜ್ಞೆ ತಪ್ಪಿದ. ವಾರ್ತಿನಮ್ಮ ನಾಣ್ಯ ಮುಟ್ಟಲಿಲ್ಲ. ಅವನನ್ನು ಸೈಕಲ್ ರಿಕ್ಷಾಕ್ಕೆ ಹೇರಿ, ಗಂಡನನ್ನೂ ನನ್ನನ್ನೂ ಎಳೆದುಕೊಂಡು ಆಸ್ಪತ್ರೆಗೆ ಧಾವಿಸಿದಳು. “ಮನೆಯವರು ಮಾತ್ರ ಒಳಗಿರಬಹುದು,” ಎಂದು ನರ್ಸ್ ತಡೆದಳು. “ನಾನೇ ಇವನ ತಾಯಿ,” ಎಂದಳು ವಾರ್ತಿನಮ್ಮ. ಮಂಚದಾಚೆ ಕಾಲು ಚಾಚಿದ್ದ ಹೊಂಗೂದಲ ಹುಡುಗನನ್ನೂ, ಅವನ ಮೊಣಕೈಗೆ ಬರುವ ಇವಳನ್ನೂ ನೋಡಿ ನರ್ಸ್, “ಏನಮ್ಮಾ, ತಮಾಷೆನಾ?” ಎಂದಳು. “ಅಪ್ಪನ ಹೋಲಿಕೆ ಕಣೇ.” ಎಲ್ಲರೂ ಗಿಮನ್‌ನತ್ತ ತಿರುಗಿದೆವು. ಮಕ್ಕಳಿಲ್ಲದ ಆ ಕಪ್ಪಗಿನ ಕುಳ್ಳ ಮನುಷ್ಯ ಬಿಸಿನೀರಿನ ಫ್ಲಾಸ್ಕನ್ನು ಎದೆಗವಚಿಕೊಂಡು, ಬೋಳುತಲೆ ಸವರಿಕೊಂಡು, “ಹೌದಮ್ಮಾ, ಚಿಕ್ಕಂದಿನಲ್ಲಿ ನನ್ನ ಕೂದಲೂ ಹಿಂಗೇ ಇತ್ತು,” ಎಂದ. ನರ್ಸ್ ದಾರಿ ಬಿಟ್ಟಳು. ಎಸ್ಪೆನ್ ಗುಣವಾಗಿ ಎದ್ದು ಕೂರುವವರೆಗೂ ಅಪ್ಪ ಅಮ್ಮ ಇಬ್ಬರೂ ಅವನ ಮಂಚದ ಬದಿಯಿಂದ ಕದಲಲಿಲ್ಲ.