ಒಣಮೀನಿಗೆ ಇಂಗಿನ ಒಗ್ಗರಣೆ

ಆಗೆಲ್ಲ ನಮ್ಮ ಕಡೆ ಬಾಡಿಗೆ ಮನೆ ನೋಡಲು ಹೋದವರು ಬೇಸಗೆಯಲ್ಲಿ ಬಾವಿಗೆ ನೀರಿರುತ್ತದೋ, ಬಸ್ಸು ಹತ್ತಿರವೋ ಎಂದು ಎರಡು ಮಾತು ಕೇಳಿ ಒಪ್ಪಿಕೊಂಡುಬಿಡುತ್ತಿದ್ದರು. ಮನೆಯ ಜೊತೆಗೆ ಇನ್ನೇನು ಬರುತ್ತದೆ ಎಂದು ಕೇಳುವ ಕ್ರಮ ಇರಲಿಲ್ಲ. ಅಪ್ಪ ಅದೊಂದು ಮಾತು ಕೇಳಿದ್ದರೆ ಜಾಲ್ಸೂರಿನ ಆ ಮನೆಗೆ ನಾವು ಹೋಗುತ್ತಲೂ ಇರಲಿಲ್ಲ, ನಾನು ಇವತ್ತಿಗೂ ನಾಯಿ ಹತ್ತಿರ ಬಂದರೆ ಮೂಗು ಮುಚ್ಚಿಕೊಳ್ಳುತ್ತಲೂ ಇರಲಿಲ್ಲ. ಆ ಮನೆಯ ಜೊತೆಗೆ ಮೂರು ನಾಯಿಗಳು ಬಂದವು.

ಅಪ್ಪ ಅಷ್ಟರವರೆಗೆ ಪುತ್ತೂರಿನಲ್ಲಿ ಬೇರೆಯವರ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ. ನಾನು ಐದನೆಯ ತರಗತಿ ಮುಗಿಸಿದ ಬೇಸಗೆಯಲ್ಲಿ, ಕಾಸರಗೋಡಿನ ಬಸ್ಸುಗಳು ತಿರುಗುವ ಜಾಲ್ಸೂರು ಪೇಟೆಯಲ್ಲಿ ಸ್ವಂತದ್ದೊಂದು ಸಣ್ಣ ಸಸ್ಯಾಹಾರಿ ಹೋಟೆಲು ತೆರೆದ. ಹೋಟೆಲಿನ ಹಿಂದೆಯೇ ಲೀಲಕ್ಕನ ಮನೆ. ಅದಕ್ಕೆ ತಾಗಿ, ನಡುವೆ ಸೊಂಟದೆತ್ತರದ ಗೋಡೆಯೊಂದನ್ನು ಬಿಟ್ಟು, ಅವರು ನಮಗೆ ಬಾಡಿಗೆಗೆ ಕೊಟ್ಟ ಮನೆ. ಲೀಲಕ್ಕ ಗಂಡನನ್ನು ಕಳೆದುಕೊಂಡು ಒಬ್ಬರೇ ಇದ್ದವರು, ಗಟ್ಟಿ ಗಂಟಲಿನವರು. ನಾವು ಹೋಗಿ ವಾರವಾಗಿತ್ತೋ ಇಲ್ಲವೋ, ಮಂಡೆಕೋಲಿನಲ್ಲಿ ಅವರ ತಂಗಿ ಬಿದ್ದು ಕಾಲು ಮುರಿದುಕೊಂಡರೆಂದು ಸುದ್ದಿ ಬಂತು. ಲೀಲಕ್ಕ ಚೀಲ ಹಿಡಿದು ಹೊರಟರು.

“ನಾಯಿಗಳನ್ನು ಸ್ವಲ್ಪ ನೋಡಿಕೊಳ್ಳಿ ಭಟ್ರೆ. ಒಂದು ಹೊತ್ತು ಎಂತಾದ್ರೂ ಹಾಕಿದ್ರೆ ಆಯ್ತು. ಬೊಗ್ಗಿ ಒಂದು ಜಾಗ್ರತೆ. ಅದು ನಮ್ಮ ಇವರು ತಂದು ಸಾಕಿದ್ದು. ಅದಕ್ಕೆ ಎಂತಾದ್ರೂ ಆದ್ರೆ ಮತ್ತೆ ನೀವು ಬೇರೆ ಮನೆ ಹುಡುಕಿಕೊಳ್ಳುದೇ.”

“ಅದಕ್ಕೆಂತ ಲೀಲಕ್ಕ, ನಮ್ಮದು ಹೋಟೆಲು. ಅನ್ನಕ್ಕೆಂತ ಬರಗಾಲವಾ?” ಎಂದ ಅಪ್ಪ. ಬಾಗಿಲ ಸಂದಿನಲ್ಲಿ ನಿಂತಿದ್ದ ಅಮ್ಮನ ಮುಖವನ್ನು ಅವನು ನೋಡಲಿಲ್ಲ.

ಅಮ್ಮನ ಮೂಗು ನಮ್ಮ ಮನೆಯ ಯಜಮಾನ. ಹಾಲು ಒಡೆಯುವ ಮೊದಲೇ ಅವಳಿಗೆ ತಿಳಿಯುತ್ತಿತ್ತು. ನಾನು ಕೈಕಾಲು ತೊಳೆಯದೆ ಒಳಗೆ ಬಂದರೆ ಅಡುಗೆ ಮನೆಯಿಂದಲೇ ಹೇಳುತ್ತಿದ್ದಳು. ನಾಯಿಯ ಬಾಲ ಸೀರೆಗೆ ತಾಗಿದರೂ ತಲೆಗೆ ನೀರು ಹೊಯ್ದುಕೊಳ್ಳುವವಳು. ಅಂಥವಳ ಹಿತ್ತಿಲಿಗೆ ಮೂರು ನಾಯಿಗಳು ಬಂದು ಮಲಗಿದವು. ದಾಸು, ಟೈಗರ್ ಎಂಬ ಎರಡು ಗಂಡು, ಮತ್ತೆ ಮುದುಕಿ ಬೊಗ್ಗಿ.

ನಾಯಿ ಸಾಕಿದವರು ಅವುಗಳ ಪ್ರೀತಿಯ ಬಗ್ಗೆ ಎಷ್ಟು ಬೇಕಾದರೂ ಹೇಳಲಿ, ನನಗೆ ನೆನಪಿರುವುದು ಹೇಸಿಗೆ ಮಾತ್ರ. ಬೊಗ್ಗಿಯ ಕಿವಿಯೊಳಗೆ ಉಣುಗುಗಳು ಬೆಂದ ತೊಗರಿಕಾಳಿನ ಹಾಗೆ ಉಬ್ಬಿ ಕೂತಿದ್ದವು. ರಕ್ತ ಕುಡಿದು ಸಾಕಾದವು ಉದುರಿ, ಮೆಲ್ಲನೆ ನಮ್ಮ ಗೋಡೆ ಹತ್ತುತ್ತಿದ್ದವು. ಟೈಗರ್ ಹುಲ್ಲು ತಿಂದು ಕಾರುತ್ತಿತ್ತು, ಕಾರಿದ್ದನ್ನು ಸ್ವಲ್ಪ ಹೊತ್ತು ನೋಡಿ ಪುನಃ ತಿನ್ನುತ್ತಿತ್ತು. ದಾಸು ಎಲ್ಲಿಂದಲೋ ಸತ್ತ ಹೆಗ್ಗಣ ತಂದು, ಬೇಡವೆಂದರೂ ಮೆಟ್ಟಿಲ ಮೇಲೆಯೇ ಇಡುತ್ತಿತ್ತು. ಓಣಿಯ ಮಕ್ಕಳೊಂದಿಗೆ ಗೇರುಬೀಜ ಸಾಲಾಗಿ ಇಟ್ಟು ಹೊಡೆಯುವ ಆಟ ಆಡುತ್ತಿದ್ದೆ. ಒಂದು ದಿನ ನಾನು ಗೆಲ್ಲುವಷ್ಟರಲ್ಲಿ ದಾಸು ಬಂದು, ಕಾಲೆತ್ತಿ, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಹೊಯ್ದು ಹೋಯಿತು. ಗೆದ್ದ ಬೀಜಗಳನ್ನು ಮುಟ್ಟಲಾರದೆ ಅಲ್ಲೇ ಬಿಟ್ಟು ಬಂದೆ. ಸೋತವರು ತೊಳೆದು ಕೊಂಡುಹೋದರು.

ಅಂಗಳದಲ್ಲಿ ಚಾಪೆ ಹಾಸಿ ಅಮ್ಮ ಹಲಸಿನ ಹಪ್ಪಳ ಒಣಗಿಸಿದ್ದಳು. ಬೊಗ್ಗಿ ಅದರ ಮೇಲೆ ನಡೆದು, ನಡುವೆ ಒಂದು ಸುತ್ತು ತಿರುಗಿ, ಬೆಚ್ಚಗೆ ಮಲಗಿತು. ಎಬ್ಬಿಸಿದಾಗ ಹೊಟ್ಟೆಗೆ ಹಪ್ಪಳ ಅಂಟಿಕೊಂಡೇ ಎದ್ದಿತು. ಒಂದಿಡೀ ಬೆಳಗಿನ ಕೆಲಸವನ್ನು ಅಮ್ಮ ನಾಯಿಗಳ ಮುಂದೆ ಸುರಿದಳು. ಅವು ಮೂಸಿ ನೋಡಿ ಆಚೆ ಹೋದವು.

ಹಪ್ಪಳ ಮಾತ್ರವಲ್ಲ, ನಮ್ಮ ಮನೆಯದು ಏನನ್ನೂ ಅವು ತಿನ್ನಲಿಲ್ಲ. ಹೋಟೆಲಿನಲ್ಲಿ ಉಳಿದ ಅನ್ನ, ಸಾಂಬಾರು, ಮಜ್ಜಿಗೆ, ಇಡ್ಲಿ ಎಲ್ಲವನ್ನೂ ಅಡಿಕೆ ಹಾಳೆಯಲ್ಲಿ ಹಾಕಿ ಇಟ್ಟರೆ ನೊಣ ಮುತ್ತಿ, ಹುಳಿ ಬಂದು, ನಾರುತ್ತಿತ್ತು. ಅದನ್ನು ಎತ್ತಿ ಎಸೆಯುವ ಕೆಲಸ ನನ್ನದು. “ಹಸಿದ್ರೆ ತಿಂತದೆ,” ಎಂದ ಅಪ್ಪ. ಗಂಡು ನಾಯಿಗಳು ಪೇಟೆಯಲ್ಲಿ ಏನಾದರೂ ಹುಡುಕಿಕೊಂಡವು. ಬೊಗ್ಗಿಗೆ ಅಷ್ಟು ದೂರ ನಡೆಯಲು ಆಗುತ್ತಿರಲಿಲ್ಲ. ಅದು ನಮ್ಮ ಹಿತ್ತಿಲ ಬಾಗಿಲಿಗೆ ಮುಖ ಮಾಡಿ ಮಲಗಿ, ದಿನದಿಂದ ದಿನಕ್ಕೆ ಬಡವಾಯಿತು. ಪಕ್ಕೆಲುಬು ಕಾಣತೊಡಗಿದಾಗ ಅಪ್ಪನಿಗೆ ಹೆದರಿಕೆ ಹತ್ತಿತು. ಹೋಟೆಲಿನ ಫೋನಿನಿಂದ ಮಂಡೆಕೋಲಿಗೆ ಮಾತಾಡಿ, ಬೇರೆ ಏನೋ ವಿಷಯವೆಂಬಂತೆ ಕೇಳಿದ.

“ಎಂತ ಹಾಕುದು? ಗಂಜಿಗೆ ನಾಲ್ಕು ಒಣಮೀನು ಬೇಯಿಸಿ ಹಾಕುದು,” ಎಂದರು ಲೀಲಕ್ಕ. “ಮೀನಿಲ್ಲದೆ ನಾಯಿ ತಿಂತದಾ ಮಾರಾಯ್ರೆ?”

ಅಪ್ಪ ಮನೆಗೆ ಬಂದು ಹೊಸ್ತಿಲಲ್ಲೇ ನಿಂತು ಇದನ್ನು ಹೇಳಿದ. ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದವಳು ತಲೆಯೆತ್ತಲಿಲ್ಲ.

“ನೀವೇ ಬೇಯಿಸಿ.”

“ನಾನು ಮೀನು ಮುಟ್ಟಿದ್ದು ಗೊತ್ತಾದ್ರೆ ಹೋಟೆಲಿಗೆ ಯಾರು ಬರ್ತಾರೆ? ಓಣಿಯಲ್ಲಿ ಯಾರಿಗಾದ್ರೂ ಬೇಯಿಸ್ಲಿಕ್ಕೆ ಹೇಳುವ ಅಂದ್ರೆ, ನಾಯಿ ಉಪವಾಸ ಉಂಟು ಅಂತ ಸುದ್ದಿ ಬಸ್ಸಿಗಿಂತ ಮೊದಲು ಮಂಡೆಕೋಲಿಗೆ ಮುಟ್ತದೆ.”

ನಮ್ಮದು ತಲೆಮಾರುಗಳಿಂದ ಮೀನು ತಿನ್ನದ ಮನೆ. ಮೀನಿನ ಸ್ಕೂಟರಿನ ಪೋಂ ಪೋಂ ಕೇಳಿದ ಕೂಡಲೇ ಓಣಿಯ ಕಡೆಯ ಕಿಟಕಿಗಳನ್ನು ಹಾಕುವುದು ಅಮ್ಮನ ದಿನಚರಿ. ಮರುದಿನ ಅದೇ ಅಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಗೇಟಿನ ಬಳಿ ನಿಂತು ಕೈ ಅಡ್ಡ ಮಾಡಿದಳು. ಸ್ಕೂಟರಿನಲ್ಲಿ ಮೀನು ಮಾರುವ ಮೋನಾಕ ಗಾಬರಿಯಿಂದ ನಿಲ್ಲಿಸಿದರು.

“ಅಮ್ಮ, ಇದು ಮೀನು. ತರಕಾರಿಯವ ಹಿಂದೆ ಬರ್ತಾನೆ.”

“ಗೊತ್ತುಂಟು. ಒಣಗಿದ್ದು ಕೊಡಿ. ನಾಯಿಗೆ.”

“ಯಾವುದು ಬೇಕು?”

“ವಾಸನೆ ಕಮ್ಮಿ ಇರುವಂಥದ್ದು,” ಎಂದಳು ಅಮ್ಮ. ಮೋನಾಕ ನಗಲಿಲ್ಲ. ಪ್ಲಾಸ್ಟಿಕ್ ಚೀಲವನ್ನು ಎರಡು ಗಂಟು ಹಾಕಿ ಗೇಟಿನ ಮೇಲೆ ಇಟ್ಟರು. ಅದನ್ನು ಒಂದು ಕೋಲಿನ ತುದಿಗೆ ಸಿಕ್ಕಿಸಿ ಹಿತ್ತಿಲಿಗೆ ಒಯ್ದದ್ದು ನಾನು.

ಅಮ್ಮ ತೆಂಗಿನ ಮರದ ಬುಡದಲ್ಲಿ ಮೂರು ಕಲ್ಲು ಇಟ್ಟು, ಎಸೆಯಲೆಂದೇ ಇಟ್ಟಿದ್ದ ಪಾತ್ರೆಯಲ್ಲಿ ಗಂಜಿ ಕುದಿಸಿದಳು. ಕೈ ತಾಗದಂತೆ ಚೀಲದ ತುದಿ ಕತ್ತರಿಸಿ, ಮುಖ ತಿರುಗಿಸಿ, ಒಳಗಿದ್ದದ್ದನ್ನೆಲ್ಲ ಹಾಗೆಯೇ ಸುರಿದಳು. ಕುದಿ ಬರುವಾಗ, ಕೈಯ ಅಭ್ಯಾಸ ನೋಡಿ, ಒಂದು ಹಿಡಿ ಉಪ್ಪನ್ನೂ ಹಾಕಿದಳು. ಆ ಹಬೆ ಎದ್ದಾಗ ನಾನು ಬಾಳೆಗಿಡದ ಹಿಂದೆ ಹೋಗಿ ಬೆಳಗಿನ ದೋಸೆಯನ್ನು ಕಾರಿಕೊಂಡೆ. ನಾಯಿಗಳು ಮಾತ್ರ ಎಲ್ಲೆಲ್ಲಿಂದಲೋ ಓಡಿ ಬಂದವು. ಏಳಲಾರದ ಬೊಗ್ಗಿಯೂ ಎದ್ದು ಬಂದು, ಹಾಳೆಗೆ ಮುಖ ಹಾಕಿ ಗಬಗಬ ತಿಂದಿತು. ಅಮ್ಮ ಅಂದು ನಿರುಮ್ಮಳವಾಗಿ ಸ್ನಾನಕ್ಕೆ ಹೋದಳು.

ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೂರೂ ನಾಯಿಗಳು ಬಕೆಟಿನ ನೀರನ್ನೆಲ್ಲ ಕುಡಿದು, ಜಗಲಿಯ ಉದ್ದಕ್ಕೂ ಕಾರಿದ್ದವು. ಮೀನಿನ ತಲೆ, ಗಂಜಿ, ಹಳದಿ ನೀರು, ಅದರ ಮೇಲೆ ನೊಣ. ತಿಕ್ಕಿ ತೊಳೆದರೂ ಜಗಲಿಯ ಕೆಂಪು ಸಿಮೆಂಟು ಆ ನಾತವನ್ನು ಬಿಡಲಿಲ್ಲ. ಗಂಡು ನಾಯಿಗಳು ಸಂಜೆಗೆ ಸರಿಯಾದವು. ಬೊಗ್ಗಿ ತನ್ನ ವಾಂತಿಯ ಪಕ್ಕದಲ್ಲೇ ಅಡ್ಡ ಬಿದ್ದು, ಬಾಯಿಂದ ನೊರೆ ಸುರಿಸುತ್ತ ಮಲಗಿತ್ತು.

ಮರುದಿನ ಬೆಳಿಗ್ಗೆ ಲೀಲಕ್ಕನ ಫೋನು ಬಂತು. “ಹೇಳ್ಲಿಕ್ಕೆ ಮರೆತೆ ಭಟ್ರೆ. ಒಣಮೀನು ಪೂರಾ ಉಪ್ಪು. ನಾಲ್ಕು ಸರ್ತಿ ತೊಳೆದು ಬೇಯಿಸಬೇಕು ಆಯ್ತಾ?”

ಅಪ್ಪ ಬಂದು ಹೇಳಿದಾಗ ಅಮ್ಮ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. “ಉಪ್ಪಿನ ಮೇಲೆ ಉಪ್ಪು ಹಾಕಿದೆ ನಾನು,” ಎಂದಳು. ಮನೆ ಬಿಡಬೇಕಾದೀತು ಎಂದು ಅಪ್ಪ ಏನೋ ಹೇಳತೊಡಗಿದ. “ಮನೆ ಹಾಳಾಗಿ ಹೋಗ್ಲಿ. ಎಳನೀರು ತನ್ನಿ,” ಎಂದಳು.

ಎರಡು ದಿನ ಬೊಗ್ಗಿಯ ಬಾಯಿಗೆ ಎಳನೀರು ಚಮಚದಲ್ಲಿ ಹೋಯಿತು. ಹಾಕಿದ್ದು ಅಮ್ಮನೇ, ಬೈಯುತ್ತ. ಮೂರನೆಯ ದಿನ ಮೋನಾಕನಿಂದ ಮತ್ತೊಂದು ಚೀಲ ತೆಗೆದುಕೊಂಡಳು. ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಉಸಿರು ಬಿಗಿಹಿಡಿದು, ಒಣಮೀನನ್ನು ಬರಿಗೈಯಲ್ಲಿ ತಿಕ್ಕಿ ತಿಕ್ಕಿ ತೊಳೆದಳು. ನಡುನಡುವೆ ಎದ್ದು ಹೋಗಿ ಓಕರಿಸಿ ಬಂದಳು. ಈ ಸಲ ಉಪ್ಪು ಹಾಕಲಿಲ್ಲ. ಆದರೆ ಬೇಯುವ ನಾತವನ್ನು ತಡೆಯಲಾರದೆ ತೆಂಗಿನೆಣ್ಣೆ ಕಾಯಿಸಿ, ಸಾಸಿವೆ, ಕರಿಬೇವು, ಇಂಗು ಹಾಕಿ ಒಗ್ಗರಣೆ ಕೊಟ್ಟುಬಿಟ್ಟಳು.

“ನಾಯಿಗೆ ಎಂತಕ್ಕೆ ಅಮ್ಮ ಒಗ್ಗರಣೆ?”

“ನಾಯಿಗಲ್ಲ. ನನ್ನ ಮೂಗಿಗೆ.”

ಬೊಗ್ಗಿ ತಲೆಯೆತ್ತಿತು. ಏಳಲು ಆಗಲಿಲ್ಲ. ಅಮ್ಮ ಗಂಜಿ ಕಲಸಿ, ಉಂಡೆ ಮಾಡಿ, ಆ ಹಲ್ಲುದುರಿದ ಜೊಲ್ಲು ಬಾಯಿಯ ಹತ್ತಿರ ಹಿಡಿದಳು. “ತಿನ್ನು, ನಾಚಿಕೆ ಇಲ್ಲದ್ದು. ನಿನ್ನಿಂದ ನನ್ನ ಜಾತಿಯೂ ಹೋಯ್ತು, ಹಪ್ಪಳವೂ ಹೋಯ್ತು. ತಿನ್ನು.” ಅದು ತಿಂದಿತು. ಬೆರಳುಗಳನ್ನು ಒಂದೊಂದಾಗಿ ನೆಕ್ಕಿತು. ಅಮ್ಮ ಕೈ ಹಿಂದೆಗೆಯಲಿಲ್ಲ. ಆಮೇಲೆ ಸಾಬೂನು, ಬೂದಿ, ಹುಣಸೆ ಎಲ್ಲದರಲ್ಲಿ ತಿಕ್ಕಿದರೂ ಉಗುರಿನ ಸಂದಿನ ವಾಸನೆ ಹೋಗಲಿಲ್ಲವೆಂದು ಬಹಳ ದಿನ ಚಮಚದಲ್ಲೇ ಊಟ ಮಾಡಿದಳು. ಅವಳ ಹೇಸಿಗೆ ಒಂದು ಚೂರೂ ಕಡಿಮೆಯಾಗಲಿಲ್ಲ. ಅದನ್ನು ಇಟ್ಟುಕೊಂಡೇ ದಿನಾ ಹಿತ್ತಿಲಲ್ಲಿ ಕೂತಳು.

ಮಳೆ ಹಿಡಿಯುವ ಹೊತ್ತಿಗೆ ಲೀಲಕ್ಕ ಬಂದರು. ಬೊಗ್ಗಿಯನ್ನು ತಡವಿ, “ಇದೆಂತ, ಮುದುಕಿಗೆ ಹೊಟ್ಟೆ ಬಂದಿದೆಯಲ್ಲ,” ಎಂದು ಸಂತೋಷಪಟ್ಟರು. ಸಂತೋಷ ಮಧ್ಯಾಹ್ನದವರೆಗೆ ಮಾತ್ರ. ಅವರು ಬೇಯಿಸಿ ಹಾಕಿದ ಬರೀ ಮೀನುಗಂಜಿಯನ್ನು ಬೊಗ್ಗಿ ಮೂಸಿ, ಗೋಡೆಯ ಬುಡಕ್ಕೆ ಬಂದು, ನಮ್ಮ ಅಡುಗೆ ಮನೆಯ ಕಡೆ ನೋಡುತ್ತ ಕೂತಿತು.

“ಶಾರದಕ್ಕ, ನನ್ನ ನಾಯಿಗೆ ಎಂತ ಮಾಡಿ ಇಟ್ಟಿದ್ದೀರಿ?” ಎಂದು ಲೀಲಕ್ಕ ಗೋಡೆಯಾಚೆಯಿಂದ ಕೂಗಿದರು.

ಅಮ್ಮ ಒಲೆಯ ಮೇಲಿದ್ದ ಒಗ್ಗರಣೆ ಸೌಟನ್ನು ಹಾಗೆಯೇ ಹಿಡಿದು ಹೋಗಿ, ಗೋಡೆಯ ಮೇಲಿಂದ ಆ ಹಾಳೆಗೆ ಚುರ್ರೆಂದು ಸುರಿದಳು. ಬೊಗ್ಗಿ ತಿಂದಿತು. ಲೀಲಕ್ಕ ಹಣೆ ಚಚ್ಚಿಕೊಂಡರು. ಅಂದಿನಿಂದ ಅದೇ ಕ್ರಮವಾಯಿತು. ಮೀನು ಆ ಮನೆಯದು, ಒಗ್ಗರಣೆ ನಮ್ಮದು. ನಾನು ಹೈಸ್ಕೂಲಿಗೆ ಹೋಗುವಾಗ ಬೊಗ್ಗಿ ಆ ಗೋಡೆಯ ಬುಡದಲ್ಲೇ ಸತ್ತಿತು. ಅಮ್ಮ ಅವತ್ತು ತಲೆಗೆ ನೀರು ಹೊಯ್ದುಕೊಂಡಳು. ನಾಯಿ ಮುಟ್ಟಿದ್ದಕ್ಕೆ ಎಂದಳು.

ಈಗ ಅಮ್ಮ ಪುತ್ತೂರಿನಲ್ಲಿ ನನ್ನ ಜೊತೆಗಿದ್ದಾಳೆ. ಎದುರು ಮನೆಯವರ ನಾಯಿ ಪ್ಯಾಕೆಟ್ಟಿನ ಗುಳಿಗೆಯಂಥದ್ದು ತಿಂದು, ಶಾಂಪೂವಿನಲ್ಲಿ ಮಿಂದು, ಸೋಫಾದ ಮೇಲೆ ಮಲಗುತ್ತದೆ. ಅವರು ಅದರ ಬಾಯಿಗೆ ಬಾಯಿಟ್ಟು ಮುದ್ದಿಸುವುದನ್ನು ನೋಡಿದರೆ ನಾನು ಮೂಗು ಮುಚ್ಚಿಕೊಂಡು ಒಳಗೆ ಹೋಗುತ್ತೇನೆ. ಅಮ್ಮನಿಗೆ ಏನೂ ಆಗುವುದಿಲ್ಲ. ಊರಿಗೆಲ್ಲ ಜ್ವರ ಬಂದ ವರ್ಷ ಅವಳಿಗೂ ಬಂದು, ಹೋಗುವಾಗ ಮೂಗಿನ ಶಕ್ತಿಯನ್ನು ಪೂರಾ ಕೊಂಡುಹೋಯಿತು. ಇನ್ನು ಬರಲಿಕ್ಕಿಲ್ಲ ಎಂದಿದ್ದಾರೆ ಡಾಕ್ಟರು. ಒಲೆಯ ಮೇಲೆ ಹಾಲು ಸೀದು ಕರಿಯಾದರೂ ಪಕ್ಕದಲ್ಲೇ ಕುಳಿತಿರುತ್ತಾಳೆ.

ಮೊನ್ನೆ ಕೆಳಗೆ ಮೀನಿನ ಸ್ಕೂಟರಿನ ಹಾರ್ನು ಕೇಳಿತು. ನಾನು ಕಿಟಕಿ ಹಾಕಲು ಎದ್ದೆ.

“ಹಾಕ್ಬೇಡ,” ಎಂದಳು ಅಮ್ಮ. “ವಾಸನೆ ಬರ್ತಾ ಉಂಟಾ?”

“ಬರ್ತಾ ಉಂಟು. ಗಬ್ಬು.”

“ಹೇಗೆ ಗಬ್ಬು? ಸರಿ ಹೇಳು.”

ನಾನು ಕಿಟಕಿಯ ಬಳಿ ನಿಂತು, ಬೇಡವೆನಿಸಿದರೂ ಉಸಿರು ಎಳೆದುಕೊಂಡೆ. ಉಪ್ಪಿನದು, ಕೊಳೆತದ್ದು, ಜಾಲ್ಸೂರಿನ ಜಗಲಿಯದ್ದು ಎಂದೆಲ್ಲ ಹೇಳುತ್ತ ಹೋದೆ. ನನಗೆ ಓಕರಿಕೆ ಬಂತು. ಅಮ್ಮ ಕಣ್ಣು ಮುಚ್ಚಿ ಗಾಳಿಯ ಕಡೆಗೆ ಮುಖ ಮಾಡಿ ಕೂತಿದ್ದಳು. ಮೂಗು ಹಿಗ್ಗಿಸಿ, ಬೊಗ್ಗಿಗೆ ಬೈಯುವಾಗಿನಂತೆ ಮುಖ ಕಿವಿಚಿ, ಕಾದಳು.

“ಇಲ್ಲ ಮಗಾ,” ಎಂದಳು ಕೊನೆಗೆ. “ಹೇಸಿಗೆಯೇ ಆಗುದಿಲ್ಲ.”