ಮೈಗೆ ಹತ್ತಿರ ಹಿಡಿದ ಭಾರ

ಗೆಳೆಯರಾದ ನಮಗೆಲ್ಲ ಅವನು ‘ಕ್ರೇನು’. ಜಿಮ್ಮಿನಲ್ಲಿ ಡೆಡ್‌ಲಿಫ್ಟ್ ಒಂದನ್ನು ಬಿಟ್ಟು ಬೇರೇನನ್ನೂ ಅವನು ವ್ಯಾಯಾಮವೆಂದು ಒಪ್ಪುತ್ತಿರಲಿಲ್ಲ. ನೆಲದ ಮೇಲಿನ ಕಬ್ಬಿಣವನ್ನು ಸೊಂಟದವರೆಗೆ ಎತ್ತಿ ಇಳಿಸಿದರೆ ಅವನಿಗೆ ಜನ್ಮ ಸಾರ್ಥಕ. ಮರುದಿನ ಮಾತ್ರ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದ, ಬಿದ್ದ ಪೆನ್ನನ್ನು ಕಾಲ್ಬೆರಳಿನಿಂದ ಹೆಕ್ಕುತ್ತಿದ್ದ. ‘ಏನೋ ಕ್ರೇನು, ಕೀಲಿಗೆ ಎಣ್ಣೆ ಇಲ್ವೇನೋ?’ ಎಂದು ಕೆಣಕಿದರೆ, ‘ಇದು ನಿನ್ನೆ ಎತ್ತಿದ್ದಕ್ಕೆ ಇನಾಮು ಕಣೋ, ನಿನಗೆಲ್ಲಿ ಗೊತ್ತಾಗ್ಬೇಕು’ ಎಂದು ಬೆನ್ನು ಒತ್ತಿಕೊಂಡೇ ನಗುತ್ತಿದ್ದ. ‘ಭಾರಾನ ಮೈಗೆ ತಾಗಿಸ್ಕೊಂಡು ಎತ್ಬೇಕು, ದೂರ ಹಿಡಿದ್ರೆ ಇಬ್ಬರಿಗೂ ನೋವು’ ಎಂಬುದು ಅವನ ಏಕೈಕ ಉಪದೇಶ. ಕಬ್ಬಿಣಕ್ಕೂ ನೋವಾಗುತ್ತದೆಯೇ ಎಂದು ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಕೊನೆಗೆ ಎದೆಯಲ್ಲಿ ಕಾಣಿಸಿಕೊಂಡ ನೋವನ್ನೂ ‘ಇದೂ ಇನಾಮೇ ಬಿಡೋ’ ಎಂದು ತಳ್ಳಿಹಾಕಿದ. ಸಂಜೆಯೊಳಗೆ ಹೊರಟೇ ಹೋದ. ಬಹುಕಾಲದಿಂದ ಹಾಸಿಗೆ ಹಿಡಿದಿರುವ ಅವನ ತಾಯಿಯನ್ನು ಕಿಟಕಿಯ ಪಕ್ಕದ ಕುರ್ಚಿಗೆ ಕೂರಿಸಲು ಈಗ ದಿನಾ ಬೆಳಿಗ್ಗೆ ನಾವಿಬ್ಬರು ಗೆಳೆಯರು ಹೋಗುತ್ತೇವೆ. ಸಂಕೋಚದಿಂದ ದೂರ ನಿಂತು, ಕಂಕುಳಿಗೆ ಕೈಕೊಟ್ಟು ಎತ್ತುತ್ತೇವೆ. ಆಕೆ ನರಳುತ್ತಾರೆ. ‘ಹಾಗಲ್ರಪ್ಪಾ, ಹತ್ತಿರ ಬನ್ನಿ,’ ಎನ್ನುತ್ತಾರೆ, ‘ಅವನು ಎದೆಗೆ ಒತ್ಕೊಂಡು ಎತ್ತುತ್ತಿದ್ದ.’