ಪ್ರಕಾಶ ಒತ್ತದ ಬಟನ್

ಪ್ರಕಾಶ ಆ ಬಟನ್ ಒತ್ತಿರಲಿಲ್ಲ. ವಾಲ್ವ್ ತೆರೆದವಳು ನಾನು — ಕಂಪ್ಯೂಟರಿನಲ್ಲಿ ಒಂದು ಸಾಲು ಟೈಪ್ ಮಾಡಿ. ಇಷ್ಟನ್ನು ಹೇಳಲು ನನಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಆಗಷ್ಟೇ ಹೊಸ ಶತಮಾನ ಶುರುವಾಗಿತ್ತು. ವಡೋದರಾದ ಸಣ್ಣ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದ ನನ್ನನ್ನು, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಹೊಸ ಯಂತ್ರ ಕೂರಿಸಲು ಸೂರತ್‌ನ ಉಧ್ನಾಕ್ಕೆ ಕಳಿಸಿದ್ದರು. ಪ್ರಕಾಶ ಅಲ್ಲಿಯ ಆಪರೇಟರ್. ತಂದೆ ರೈಲ್ವೆಯಲ್ಲಿ, ಬಾಗಲಕೋಟೆ ಕಡೆಯವರು. ಇವನು ಉಧ್ನಾದಲ್ಲೇ ಬೆಳೆದವನು. ಹಿಂದಿ, ಗುಜರಾತಿ ಬೆರೆತ ತನ್ನ ಮುರುಕು ಕನ್ನಡವನ್ನು ನನ್ನೊಂದಿಗೆ ಮಾತ್ರ ನಾಚದೆ ಆಡುತ್ತಿದ್ದ.

ಯಂತ್ರಗಳನ್ನು ನಡೆಸುವ ಪೆಟ್ಟಿಗೆಗಳನ್ನೆಲ್ಲ ಒಂದೇ ಕೇಬಲ್ಲಿಗೆ ಜೋಡಿಸಿದ್ದರು. ಲ್ಯಾಪ್‌ಟಾಪಿನ ಕಪ್ಪು ಪರದೆಯಲ್ಲಿ ಯಂತ್ರದ ನಂಬರು, ವಾಲ್ವಿನ ನಂಬರು, ತೆರೆಯಬೇಕೆಂಬ ಆಜ್ಞೆ — ಎಂಟರ್ ಒತ್ತಿದರೆ ಮುಗಿಯಿತು. ಯಾರು, ಏಕೆ ಎಂದು ಅದು ಕೇಳುವುದಿಲ್ಲ. ಆ ಮಧ್ಯಾಹ್ನ ನಾನು ಪರೀಕ್ಷಿಸಬೇಕಿದ್ದದ್ದು ಖಾಲಿಯಿದ್ದ ಆರನೇ ಯಂತ್ರದ ನೀರು ಹೊರಬಿಡುವ ವಾಲ್ವನ್ನು. ಊಟದ ಆತುರವೋ ಏನೋ, ಐದು ಎಂದು ಟೈಪ್ ಮಾಡಿದೆ. ಏನೋ ಅಲ್ಲ — ನೋಡದೆ ಒತ್ತಿದೆ.

ಐದನೆಯದರಲ್ಲಿ ಬಣ್ಣದ ನೀರು ಕುದಿಯುತ್ತಿತ್ತು. ಪ್ರಕಾಶ ಅದರ ಮೋರಿಯ ಪಕ್ಕದಲ್ಲೇ ನಿಂತಿದ್ದ. ಕೂಗು ಕೇಳಿ ಓಡಿದೆ. ಅವನ ಎರಡೂ ಪಾದಗಳು —

ಮ್ಯಾನೇಜರ್ ಬಂದವರೇ, "ಡ್ರೈನ್ ಬಟನ್ ಒತ್ತಿದ್ದು ಯಾರು?" ಎಂದು ಹಿಂದಿಯಲ್ಲಿ ಗದರಿದರು. ನೆಲದ ಮೇಲೆ ಬಿದ್ದಿದ್ದ ಪ್ರಕಾಶ ನನ್ನ ಮುಖ ನೋಡಿದ.

"ಅಕ್ಕಾ, ನೀವು ಬೋಲೋ ಅವರಿಗೆ. ನಾನು ಹಾಥ್ ಭೀ ಹಚ್ಚಿಲ್ಲ."

ನಾನು ಹೇಳಿದ್ದು ಇಷ್ಟೇ: "ಯಂತ್ರ ತಾನಾಗಿಯೇ ಖಾಲಿಯಾಗುವುದಿಲ್ಲ, ಸಾರ್."

ಮಾತೇನೋ ನಿಜ. ಆ ನಿಜದ ಹಿಂದೆ ಅಡಗಿ ಕೂತೆ.

ಹಣ್ಣು ಹಿಡಿದು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅವನ ಕೆಲಸ ಹೋಗಿತ್ತು. "ಇವನ ಲಕ್ಷ್ಯ ಎಲ್ಲಿರ್ತದೋ ಏನೋ, ತಂಗಿ," ಎಂದರು ಅವನ ತಂದೆ. ಪ್ರಕಾಶ ಮೆಲ್ಲಗೆ, "ಕೈ ತಾಗಿರಬಹುದು, ಅಕ್ಕಾ... ನೆನಪಾಗಲ್ಲ," ಎಂದ. ತನ್ನ ಕೈಯನ್ನೇ ಅವನು ನಂಬದ ಹಾಗೆ ಮಾಡಿದ್ದೆ. ಆಗಲಾದರೂ ಹೇಳಬಹುದಿತ್ತು — ಹಣ್ಣು ಇಟ್ಟು ಬಂದೆ.

ಮತ್ತೆಂದೂ ಅವನು ಯಂತ್ರದ ಕೆಲಸಕ್ಕೆ ಹೋಗಲಿಲ್ಲವಂತೆ. ಈಗ ಸೂರತ್‌ನಲ್ಲೇ, ಕತಾರ್‌ಗಾಮ್‌ನ ಒಂದು ಸೀರೆ ಅಂಗಡಿಯಲ್ಲಿದ್ದಾನೆ. ಮೊನ್ನೆ ಹುಡುಕಿಕೊಂಡು ಹೋಗಿ ಎಲ್ಲ ಹೇಳಿದೆ. ಮಡಚುತ್ತಿದ್ದ ಸೀರೆಯನ್ನು ಕೆಳಗಿಟ್ಟ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಒಂದೇ ಮಾತು ಕೇಳಿದ:

"ಪಪ್ಪಾಗೆ ಹೇಳ್ತೀರಾ? ಅವರು ಹಜೂ ತನಕ ನನಗೆ ಗ್ಯಾಸ್ ಭೀ ಹಚ್ಚಲಿಕ್ಕೆ ಬಿಡಲ್ಲ."

ಆ ಹಿರಿಯರಿಗೆ ಈಗ ಕಿವಿ ಮಂದವಂತೆ. ಕೂಗಿ ಹೇಳಬೇಕು, ಅಕ್ಕಪಕ್ಕದ ಮನೆಗಳಿಗೂ ಕೇಳುವಷ್ಟು. ನಾಳೆ ಬೆಳಿಗ್ಗೆ ಹೋಗುತ್ತಿದ್ದೇನೆ.